ಧಾತು ಈಶ್ವರದ ಕ್ಷಾಮಪರಿಹಾರ ಮತ್ತು ಅದರ ಶೇಷ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಪ್ರಯಾಣಮಾಡದವರು ಈ ಮಾತನ್ನು ಕೇಳುತ್ತಿರುವವರಲ್ಲಿ ಬಹುಶಃ ಯಾರೂ ಇರಲಾರರು. ಬಿಡದಿಯನ್ನು ಬಿಟ್ಟು, ರಾಮನಗರದ ಬಂಡೆಗಳನ್ನು ಬಳಸಿ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹಿಂದಿಕ್ಕಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವ ಆ ದಾರಿ ನಮಗೆ ಅಂಗೈಯ ರೇಖೆಯಷ್ಟೇ ಪರಿಚಿತವಾದದ್ದು. ಕಿಟಕಿಯ ಪಕ್ಕದಲ್ಲಿ ಕುಳಿತವರು ಕಬ್ಬಿನ ಗದ್ದೆಯನ್ನು ನೋಡುತ್ತಾರೆ, ತೆಂಗಿನ ತೋಟವನ್ನು ನೋಡುತ್ತಾರೆ, ಮದ್ದೂರು ಬಂದಾಗ ವಡೆಯ ಬುಟ್ಟಿಯನ್ನು ನೋಡುತ್ತಾರೆ. ಹಳಿಗಳು ಯಾವುದರ ಮೇಲೆ ಮಲಗಿವೆಯೋ ಆ ಮಣ್ಣಿನ ಏರಿಯನ್ನು ನೋಡುವವರು ಕಡಮೆ. ಈ ೮೬ ಮೈಲಿಗಳ ಏರಿಗೆ ಮೊದಮೊದಲು ಮಣ್ಣು ಹೊತ್ತವರಲ್ಲಿ ಬಹುಮಂದಿ, ಹಸಿವಿನಿಂದ ಊರು ಬಿಟ್ಟು ಬಂದ ಒಕ್ಕಲಿನವರು ಮತ್ತು ಕೂಲಿಯವರು. ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ.

ವಿಪತ್ಕಾಲದಲ್ಲಿ ಸರ್ಕಾರವು ಕೈಕೊಳ್ಳುವ ಪರಿಹಾರಕಾರ್ಯದ ಉದ್ದೇಶ ಒಂದೇ: ಇಂದು ಹಸಿದವನು ನಾಳೆಯವರೆಗೆ ಬದುಕಿರಬೇಕು. ಮಳೆ ಬಂದು ಪೈರು ಎದ್ದ ಮೇಲೆ ಕಾರ್ಯ ಮುಗಿಯಿತೆಂದು ದಫ್ತರವನ್ನು ಕಟ್ಟಿಡುತ್ತಾರೆ. ಚರಿತ್ರೆಯಲ್ಲಿ ನೋಡಿದರೆ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಆ ತುರ್ತಿನಲ್ಲಿ ತೋಡಿದ ಕಾಲುವೆ, ಹಾಕಿದ ದಾರಿ, ಮಾಡಿದ ಸಾಲ, ಬರೆದ ನಿಬಂಧನೆ, ಇವೆಲ್ಲ ಹಸಿದವರೂ ಅವರಿಗೆ ಗಂಜಿ ಎರೆದವರೂ ಹೋದ ಮೇಲೆ ಉಳಿದಿರುತ್ತವೆ. ಕೆಲವು ವೇಳೆ ಪರಿಹಾರವು ಯಾರಿಗಾಗಿ ಹುಟ್ಟಿತೋ ಅವರನ್ನು ಉಳಿಸಲಾರದೆ, ಯಾರನ್ನು ಕನಸಿನಲ್ಲಿಯೂ ನೆನೆದಿರಲಿಲ್ಲವೋ ಅವರನ್ನು ಉಳಿಸುತ್ತದೆ. ೧೮೭೬ರಿಂದ ೧೮೭೮ರ ವರೆಗೆ ದಕ್ಷಿಣ ದೇಶವನ್ನು ಸುಟ್ಟ ಮಹಾಕ್ಷಾಮದಲ್ಲಿ ನಡೆದ ಪರಿಹಾರ ಈ ಜಾತಿಯದು. ಅದರ ಶೇಷವೇನೆಂಬುದೇ ಈ ಹೊತ್ತಿನ ವಿಚಾರ.

ನಮ್ಮ ಹಿರಿಯರು ಈ ಕ್ಷಾಮವನ್ನು ಕ್ರಿಸ್ತಶಕದ ಅಂಕಿಗಳಿಂದ ಗುರುತಿಸಲಿಲ್ಲ. ಸಂವತ್ಸರದ ಹೆಸರಿನಿಂದ 'ಧಾತು ಈಶ್ವರದ ಬರ' ಎಂದರು. ಧಾತೃವೆಂದರೆ ಧಾರಣೆಮಾಡುವವನು, ಪೋಷಿಸುವವನು. ಹೆಸರಿಗೂ ಫಲಕ್ಕೂ ಇದಕ್ಕಿಂತ ಕ್ರೂರವಾದ ವಿರೋಧವನ್ನು ಯಾವ ಕವಿಯೂ ಕಲ್ಪಿಸಲಾರನು. ತಟ್ಟೆಯಲ್ಲಿ ಮುದ್ದೆಯ ಚೂರು ಬಿಟ್ಟ ಮಕ್ಕಳಿಗೆ 'ಧಾತು ಈಶ್ವರದಲ್ಲಿ ಹುಟ್ಟಿದ್ದರೆ ಗೊತ್ತಾಗುತ್ತಿತ್ತು' ಎಂದು ಗದರಿಸುವ ಮಾತು, ಆ ಬರವನ್ನು ಕಂಡವರೆಲ್ಲ ತೀರಿಕೊಂಡ ಎಷ್ಟೋ ಕಾಲದ ಮೇಲೂ ನಮ್ಮ ಮನೆಯಲ್ಲಿ ಉಳಿದಿತ್ತು. ಬಾಲ್ಯದಲ್ಲಿ ನಾನು ಅದನ್ನು ಯಾವುದೋ ಶಿವನ ಕಥೆಯೆಂದು ತಿಳಿದಿದ್ದೆ.

ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೈಸೂರು ದೇಶವು ಆಗ ಬ್ರಿಟಿಷ್ ಕಮಿಷನ್ನಿನ ಆಡಳಿತದಲ್ಲಿತ್ತು. ೧೮೩೧ರಲ್ಲಿ ಪ್ರಾರಂಭವಾದ ಆ ಆಡಳಿತ ೧೮೮೧ರ ವರೆಗೆ ನಡೆಯಿತು. ಚಾಮರಾಜೇಂದ್ರ ಒಡೆಯರವರು ಇನ್ನೂ ಬಾಲಕರು. ೧೮೭೫ರಲ್ಲಿಯೇ ಮಳೆ ಸಾಲದೆ ಹೋಯಿತು. ೧೮೭೬ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ೧೮೭೭ರ ಮುಂಗಾರನ್ನು ಕಾದು ಕುಳಿತವರಿಗೆ ಅದೂ ಮೋಸಮಾಡಿತು. ಒಳ್ಳೆಯ ಮಳೆ ಬಿದ್ದದ್ದು ಆ ವರ್ಷದ ಶರತ್ಕಾಲದಲ್ಲಿ. ಮಲೆನಾಡಿಗೆ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗ, ಬೆಂಗಳೂರು ಮೊದಲಾದ ಬಯಲುಸೀಮೆಯ ಭಾಗಗಳೂ, ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿಯೂ, ಮುಂಬಯಿಯ ಆಡಳಿತದಲ್ಲಿದ್ದ ಧಾರವಾಡ ಬಿಜಾಪುರದ ಕಡೆಯ ಸೀಮೆಯೂ ಬೆಂದುಹೋದವು. ಕನ್ನಡನಾಡು ಮೂರು ನಾಲ್ಕು ಸರ್ಕಾರಗಳಲ್ಲಿ ಹಂಚಿಹೋಗಿದ್ದ ಆ ಕಾಲದಲ್ಲಿ ಅದನ್ನೆಲ್ಲ ಒಂದೇ ಸಮನಾಗಿ ಕಂಡದ್ದು ಈ ಬರವೊಂದೇ ಎಂದು ತೋರುತ್ತದೆ.

ಧಾನ್ಯ ಎಲ್ಲಿಯೂ ಇರಲಿಲ್ಲವೆಂದಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮದರಾಸಿನ ಕಡೆಯಿಂದ ಬೆಂಗಳೂರಿಗೆ ೧೮೬೪ರಲ್ಲಿಯೇ ರೈಲು ಬಂದಿತ್ತು. ಕ್ಷಾಮದ ಕಾಲದಲ್ಲಿ ಧಾನ್ಯದ ಮೂಟೆಗಳು ಆ ದಾರಿಯಲ್ಲಿ ಬಂದು ಬೆಂಗಳೂರಿನಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವು ನೀರುಗಳಿಲ್ಲದೆ ಎತ್ತುಗಳು ಮನುಷ್ಯರಿಗಿಂತ ಮೊದಲೇ ಸಾಯತೊಡಗಿದ್ದವು. ಬದುಕಿದ್ದ ಎತ್ತುಗಳು ಧಾನ್ಯ ಹೊತ್ತು ನಡೆದರೆ ದಾರಿಯುದ್ದಕ್ಕೂ ಅವಕ್ಕೇ ಮೇವು ಬೇಕು. ಹೀಗೆ ಊರಿನ ಒಳಗೆ ಧಾನ್ಯ ಹೋಗಲಾರದೆ, ಊರಿನ ಒಳಗಿದ್ದ ಜನರೇ ಧಾನ್ಯವಿದ್ದ ಕಡೆಗೆ ನಡೆದು ಬಂದರು. ಬೆಂಗಳೂರಿನ ಬೀದಿಗಳು ತುಂಬಿದವು. ಬಂದವರ ಕೈಯಲ್ಲಿ ಕಾಸೂ ಇರಲಿಲ್ಲ. ಏಕೆಂದರೆ ಮಳೆ ಹೋದಾಗ ಮೊದಲು ಹೋಗುವುದು ಬೆಳೆಯಲ್ಲ, ಹೊಲದ ಕೂಲಿ. ಉಳದ ಹೊಲಕ್ಕೆ ಆಳು ಬೇಡ, ಕುಯ್ಯುವ ಪೈರಿಲ್ಲದಲ್ಲಿ ಕುಡುಗೋಲು ಬೇಡ. ಅಂಗಡಿಯಲ್ಲಿ ರಾಗಿ ಇದ್ದರೂ ಕೊಳ್ಳಲು ಶಕ್ತಿಯಿಲ್ಲದವನಿಗೆ ಅದು ಇದ್ದೂ ಇಲ್ಲದಂತೆ. ಇದನ್ನು ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿ ಲೋಕಕ್ಕೆಲ್ಲ ತಿಳಿಯಪಡಿಸಿದರು. ಆದರೆ ನೂರು ವರ್ಷಗಳ ಹಿಂದೆ ಕೋಲಾರದ ಕೂಲಿಯವನಿಗೆ ಶಾಸ್ತ್ರದ ಸಹಾಯವಿಲ್ಲದೆಯೇ ಇದು ತಿಳಿದಿತ್ತು.

ಈಗ ಸರ್ಕಾರ ಏನು ಮಾಡಿತೆಂಬುದನ್ನು ನೋಡಬೇಕು. ಅದಕ್ಕೆ ಮುಂಚೆ ಸ್ವಲ್ಪ ದೂರ, ಬಿಹಾರಕ್ಕೆ ಹೋಗಿಬರುವುದು ಅವಶ್ಯ. ೧೮೭೩–೭೪ರಲ್ಲಿ ಅಲ್ಲಿ ಮಳೆ ತಪ್ಪಿತು. ಪರಿಹಾರದ ಭಾರ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಮೇಲೆ ಬಿತ್ತು. ಸರ್ಕಾರವು ಬರ್ಮಾ ದೇಶದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ನು ಅಕ್ಕಿಯನ್ನು ತರಿಸಿ ಧಾರಾಳವಾಗಿ ಹಂಚಿತು. ಹಸಿವಿನಿಂದ ಸತ್ತವರು ಇಲ್ಲವೆಂಬಷ್ಟು ಸ್ವಲ್ಪ. ಇಂಥ ಕಾರ್ಯಕ್ಕೆ ಪ್ರಶಂಸೆ ಬರಬೇಕಲ್ಲವೆ? ಬಂದದ್ದು ನಿಂದೆ. ಹಣವನ್ನು ನೀರಿನಂತೆ ಚೆಲ್ಲಿದನು, ಬೇಡದವರಿಗೂ ಕೊಟ್ಟನು, ವ್ಯಾಪಾರವನ್ನು ಕೆಡಿಸಿದನು ಎಂದು ಪತ್ರಿಕೆಗಳೂ ಮೇಲಧಿಕಾರಿಗಳೂ ಆಡಿಕೊಂಡರು. ಕ್ಷಾಮವೇ ಬಂದಿರಲಿಲ್ಲವೆಂದವರೂ ಉಂಟು. ಜನರು ಸಾಯಲಿಲ್ಲವಾದುದರಿಂದ ಕ್ಷಾಮವಿರಲಿಲ್ಲವಂತೆ! ತರ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇತ್ವಾಭಾಸದ ಉದಾಹರಣೆ ಬೇಕಾದರೆ ಇದಕ್ಕಿಂತ ಉತ್ತಮವಾದದ್ದು ಸಿಕ್ಕಲಾರದು.

ಮೂರು ವರ್ಷ ಕಳೆಯಿತು. ೧೮೭೭ರ ಜನವರಿ ೧ನೆಯ ತಾರೀಖು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯವರಿಗೆ ಚಕ್ರವರ್ತಿನಿಯ ಬಿರುದನ್ನು ಸಾರುವ ದರ್ಬಾರು ವೈಭವದಿಂದ ನಡೆಯಿತು. ಅದೇ ತಿಂಗಳು ವೈಸರಾಯ್ ಲಿಟ್ಟನ್ ಪ್ರಭುಗಳು ದಕ್ಷಿಣದ ಕ್ಷಾಮವನ್ನು ನೋಡಿಕೊಳ್ಳಲು ಕಳುಹಿಸಿದ್ದು ಅದೇ ಟೆಂಪಲ್ ಸಾಹೇಬರನ್ನು. ಈ ಸಲ ಅವರು ಮಿತವ್ಯಯದ ಅವತಾರವಾಗಿ ಬಂದರು. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಮೇಲೆ ಕೈಖರ್ಚಿಗೆ ಅತ್ಯಲ್ಪ ಕಾಸು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಮೆ. ಇದೇ ಚರಿತ್ರೆಯಲ್ಲಿ 'ಟೆಂಪಲ್ ಕೂಲಿ' ಎಂದು ಹೆಸರಾದದ್ದು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಮೆ. ಬಿಸಿಲಿನಲ್ಲಿ ಸಂಜೆಯವರೆಗೆ ಗುದ್ದಲಿ ಹಿಡಿಯುವವನಿಗೆ ಇದು ಸಾಕೆ? ಮದರಾಸಿನ ಆರೋಗ್ಯಶಾಖೆಯ ಮುಖ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಸಾಲದೆಂದರು. ಒಂದೂವರೆ ಪೌಂಡು ಧಾನ್ಯವೂ, ಅದರೊಡನೆ ಬೇಳೆ ಕಾಯಿಪಲ್ಯಗಳೂ ಬೇಕೆಂದು ವಾದಿಸಿದರು. ಕೊನೆಗೆ ಮದರಾಸು ಸರ್ಕಾರ ಸ್ವಲ್ಪಮಟ್ಟಿಗೆ ಅವರ ಮಾತನ್ನು ನಡೆಸಿಕೊಟ್ಟಿತು. ಆದರೆ ಒಬ್ಬ ಅಧಿಕಾರಿಯು ಹಿಂದೆ ಔದಾರ್ಯಕ್ಕಾಗಿ ಪಡೆದ ನಿಂದೆಯನ್ನು ತೊಳೆದುಕೊಳ್ಳುವ ಪ್ರಯತ್ನದಲ್ಲಿ ಎಷ್ಟು ಸಾವಿರ ಹೊಟ್ಟೆಗಳು ಒಣಗಿದವೋ! ಟೆಂಪಲ್ಲರು ಸ್ವಭಾವದಿಂದ ಕಟುಕರಾಗಿರಲಿಲ್ಲ. ಬಿಹಾರವೇ ಅದಕ್ಕೆ ಸಾಕ್ಷಿ. ಆದುದರಿಂದಲೇ ಈ ಪ್ರಸಂಗ ನನ್ನನ್ನು ಹೆಚ್ಚಾಗಿ ಕಲಕುತ್ತದೆ.

ಮೈಸೂರಿನಲ್ಲಿ ಆದ ತಪ್ಪು ಬೇರೆ ತರಹದ್ದು. ಇಲ್ಲಿಯ ಅಧಿಕಾರಿಗಳು ಮೊದಲು ಕೆರೆಯ ಹೂಳು, ರಸ್ತೆಯ ಜಲ್ಲಿ ಎಂದು ಸಣ್ಣಪುಟ್ಟ ಕೆಲಸಗಳನ್ನು ಅಲ್ಲಲ್ಲಿ ಚೆದರಿಸಿದರು. ಅವುಗಳ ಮೇಲೆ ಉಸ್ತುವಾರಿ ಸಾಲದಾಯಿತು. ಬಳಿಕ ಗಂಜಿಯ ಮನೆಗಳನ್ನು ತೆರೆದರು. ಗಂಜಿಯ ಮನೆಯೆಂದರೆ ಕೇಳುವುದಕ್ಕೆ ದಯೆಯ ಮಾತು. ಆದರೆ ಅಲ್ಲಿಗೆ ಬರಬೇಕಾದರೆ ಮನೆಮಠ ಬಿಟ್ಟು ಬರಬೇಕು. ಜನರು ಒತ್ತೊತ್ತಾಗಿ ಬಿದ್ದಿರಬೇಕು. ಒತ್ತಾಗಿ ಬಿದ್ದಲ್ಲಿ ವಾಂತಿಭೇದಿ, ಸಿಡುಬುಗಳು ಕಾದಿರುತ್ತವೆ. ಕಂಡವರು ಬೇಯಿಸಿದ್ದನ್ನು ಉಣ್ಣಲಾರೆವೆಂದು ಜಾತಿಯ ಅಭಿಮಾನದಿಂದ ದೂರ ನಿಂತು ಪ್ರಾಣಬಿಟ್ಟವರೂ ಇದ್ದರು. ನಡೆಯುವ ಶಕ್ತಿಯಿದ್ದವನು ಗಂಜಿಯ ಮನೆಗೆ ಬಂದನು. ಇಲ್ಲದವನು ಹಳ್ಳಿಯಲ್ಲೇ ಉಳಿದನು. ೧೮೭೭ರ ಸೆಪ್ಟೆಂಬರಿನಲ್ಲಿ ಲಿಟ್ಟನ್ ಪ್ರಭುಗಳು ತಾವೇ ಮೈಸೂರು ಸೀಮೆಗೆ ಬಂದು ನೋಡಿ, ಉತ್ತರದೇಶದಿಂದ ಚಾರ್ಲ್ಸ್ ಎಲಿಯಟ್ ಎಂಬವರನ್ನು ಕ್ಷಾಮದ ಕಮಿಷನರಾಗಿ ನೇಮಿಸಿದರು. ಗಂಜಿಯ ಮನೆಗಳಲ್ಲಿದ್ದ ಗಟ್ಟಿಮುಟ್ಟಾದವರನ್ನು ಆರಿಸಿ ದೊಡ್ಡ ಕಾಮಗಾರಿಗಳಿಗೆ ಸಾಗಿಸುವುದು, ಕಾಮಗಾರಿಗಳನ್ನು ಎಂಜಿನಿಯರುಗಳ ವಶಕ್ಕೆ ಕೊಡುವುದು, ಅಶಕ್ತರಿಗೆ ಅವರವರ ಹಳ್ಳಿಯಲ್ಲಿಯೇ ಸಹಾಯ ಒದಗಿಸುವುದು, ಇದು ಹೊಸ ಕ್ರಮ. ಬೆಂಗಳೂರು ಮೈಸೂರುಗಳ ನಡುವಿನ ರೈಲಿನ ಏರಿ ಅಂಥ ದೊಡ್ಡ ಕಾಮಗಾರಿ. ಆ ಶರತ್ಕಾಲದಲ್ಲಿ ಮಳೆಯೂ ಬಂದಿತು. ಉತ್ತಮವಾದ ಕ್ರಮವೂ ಉತ್ತಮವಾದ ಮಳೆಯೂ ಜೊತೆಜೊತೆಯಾಗಿ ಬಂದದ್ದರಿಂದ, ಕ್ಷಾಮ ಇಳಿದ ಯಶಸ್ಸು ಯಾವುದಕ್ಕೆ ಎಷ್ಟು ಸಲ್ಲಬೇಕೆಂಬುದನ್ನು ವಿಂಗಡಿಸುವುದು ಸುಲಭವಲ್ಲ.

ಒಮ್ಮೆ ತರಗತಿಯಲ್ಲಿ ಈ ಪಾಠವನ್ನು ಮುಗಿಸಿದಾಗ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು, 'ಸಾರ್, ಇಷ್ಟು ಜನ ಸತ್ತ ಮೇಲೂ ಇದನ್ನು ಪರಿಹಾರವೆಂದು ಏಕೆ ಕರೆಯಬೇಕು?' ಎಂದು ಕೇಳಿದನು. ನಾನು ಪಠ್ಯಪುಸ್ತಕದ ಉತ್ತರವನ್ನು ಕೊಟ್ಟೆ. ಅದು ನನಗೇ ರುಚಿಸಲಿಲ್ಲ. ೧೮೭೧ರ ಜನಗಣತಿಯಲ್ಲಿ ಮೈಸೂರು ದೇಶದ ಜನಸಂಖ್ಯೆ ೫೦,೫೫,೪೧೨. ೧೮೮೧ರ ಗಣತಿಯಲ್ಲಿ ೪೧,೮೬,೧೮೮. ಎಂಟು ಲಕ್ಷದ ಅರವತ್ತೊಂಬತ್ತು ಸಾವಿರ ಜನ ಕಡಮೆ. ಕ್ಷಾಮಕ್ಕೆ ಮುಂಚಿನ ವರ್ಷಗಳಲ್ಲಿ ಜನ ಬೆಳೆದಿದ್ದರಲ್ಲವೆ? ಅದನ್ನು ಸೇರಿಸಿದರೆ ನಷ್ಟ ಇದಕ್ಕೂ ಹೆಚ್ಚು. ಆರರಲ್ಲಿ ಒಬ್ಬರು ಹೋದರೆಂದು ಲೆಕ್ಕ ಹಾಕಿಕೊಂಡು ತಮ್ಮ ಬೀದಿಯ ಮನೆಗಳನ್ನು ಒಮ್ಮೆ ಎಣಿಸಿನೋಡಿದರೆ ಆ ವಿದ್ಯಾರ್ಥಿಯ ಪ್ರಶ್ನೆಯ ತೂಕ ತಿಳಿಯುತ್ತದೆ. ಮುಂದೆ ನಾನು ಹೇಳುವುದೆಲ್ಲವನ್ನೂ ಈ ಅಂಕಿಗಳ ಎದುರಿನಲ್ಲಿಟ್ಟುಕೊಂಡೇ ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಕ್ಷಾಮಕ್ಕೆ ಮುಂಚೆ ಮೈಸೂರಿನ ಬೊಕ್ಕಸದಲ್ಲಿ ೬೩ ಲಕ್ಷ ರೂಪಾಯಿಗಳ ಉಳಿತಾಯವಿತ್ತು. ಅದು ಕರಗಿತು. ಅದರ ಮೇಲೆ ಭಾರತ ಸರ್ಕಾರದಿಂದ ೮೦ ಲಕ್ಷ ರೂಪಾಯಿ ಸಾಲ ಬಂದಿತು. ೧೮೮೧ರ ಮಾರ್ಚಿ ೨೫ರಂದು ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವನ್ನು ಹಿಂದಕ್ಕೆ ಕೊಟ್ಟಾಗ, ಸಿಂಹಾಸನದ ಜೊತೆಗೆ ಈ ಸಾಲವನ್ನೂ ಕೊಟ್ಟರು. ಬರಗಾಲದಲ್ಲಿ ಆಡಳಿತ ನಡೆಸಿದವರು ಕಮಿಷನರು. ಸಾಲ ತೀರಿಸಬೇಕಾದವರು ಮಹಾರಾಜರು, ಎಂದರೆ ಬದುಕಿ ಉಳಿದ ರೈತರು. ವರ್ಷಂಪ್ರತಿ ಸಲ್ಲಿಸಬೇಕಾಗಿದ್ದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ ೩೫ ಲಕ್ಷಕ್ಕೆ ಏರಿಸಬೇಕೆಂಬುದೂ ನಿಶ್ಚಯವಾಗಿತ್ತು. ಕ್ಷಾಮದ ಕಾರಣದಿಂದ ಆ ಏರಿಕೆಯನ್ನು ಮೊದಲು ಐದು ವರ್ಷ, ಬಳಿಕ ಇನ್ನೂ ಹತ್ತು ವರ್ಷ ಮುಂದಕ್ಕೆ ಹಾಕಿದರು. ಇಷ್ಟು ಕೃಪೆಯನ್ನು ಒಪ್ಪಿಕೊಳ್ಳಲೇಬೇಕು. ದಿವಾನ್ ರಂಗಾಚಾರ್ಲುರವರ ಕೈಗೆ ಬಂದದ್ದು ಹೀಗೆ ಜನವೂ ಇಲ್ಲದ ಹಣವೂ ಇಲ್ಲದ ರಾಜ್ಯ. ಅವರು ಖರ್ಚನ್ನು ಎಲ್ಲೆಲ್ಲಿಯೂ ಕತ್ತರಿಸಿದರು. ೧೮೮೨ರಲ್ಲಿ ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನವೂ ಚಿತ್ರದುರ್ಗವೂ ಜಿಲ್ಲೆಗಳೆಂಬ ಪದವಿಯನ್ನು ಕಳೆದುಕೊಂಡು, ೧೮೮೬ರಲ್ಲಿ ಅದನ್ನು ಮತ್ತೆ ಪಡೆದವು. ಬರಗಾಲವು ಭೂಪಟದ ಗೆರೆಗಳನ್ನು ಸಹ ಅಳಿಸಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ. ೧೮೮೧ರ ಅಕ್ಟೋಬರ್ ೭ರಂದು ೧೪೪ ಪ್ರತಿನಿಧಿಗಳನ್ನು ಕೂಡಿಸಿ ಪ್ರಜಾಪ್ರತಿನಿಧಿ ಸಭೆಯನ್ನು ಪ್ರಾರಂಭಿಸಿದವರೂ ಅವರೇ. ಆ ಸಭೆ ಕ್ಷಾಮದಿಂದ ಹುಟ್ಟಿತೆಂದು ಹೇಳುವಷ್ಟು ಸಾಹಸಿ ನಾನಲ್ಲ. ಆದರೆ ಬೊಕ್ಕಸ ತುಂಬಿದ ಅರಸಿಗೆ ಪ್ರಜೆಗಳನ್ನು ಕರೆದು ಲೆಕ್ಕ ಒಪ್ಪಿಸುವ ಅವಶ್ಯಕತೆ ಅಷ್ಟಾಗಿ ಕಾಣುವುದಿಲ್ಲವೆಂಬುದು ಲೋಕದ ಅನುಭವ.

ಇನ್ನು ರೈಲು. ಹಸಿದವರು ಎತ್ತಿದ ಏರಿಯ ಮೇಲೆ ಕೆಲಸ ಮುಂದುವರಿದು, ೧೮೮೧ರಲ್ಲಿ ಬಂಡಿ ಚನ್ನಪಟ್ಟಣಕ್ಕೂ, ೧೮೮೨ರ ಫೆಬ್ರವರಿಯಲ್ಲಿ ಮೈಸೂರಿಗೂ ಬಂದಿತು. ಸಂಸ್ಥಾನದ್ದೇ ಹಣದಿಂದ ಆದ ದಾರಿ ಇದು. ಮುಂದೆ ಬೆಂಗಳೂರಿನಿಂದ ತುಮಕೂರು ಗುಬ್ಬಿಗಳ ಕಡೆಗೂ ಹಳಿಯನ್ನು ಬೆಳೆಸಲು ತೊಡಗಿ, ಹಣ ಸಾಲದೆ ಬಂದಾಗ ೧೮೮೬ರಲ್ಲಿ ದಾರಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪೆನಿಯ ವಶಕ್ಕೆ ಕೊಟ್ಟು ಸಾಲವೆತ್ತಿದರು. ಆ ಕಂಪೆನಿಯೂ ಕ್ಷಾಮದ ಕೂಸೇ. ಬರ ಬೀಳುವ ಒಣನಾಡಿಗೆ ಧಾನ್ಯ ಮುಟ್ಟಿಸುವ ರಕ್ಷಣೆಯ ದಾರಿಗಳನ್ನು ಹಾಕಬೇಕೆಂದು ೧೮೮೨ರಲ್ಲಿ ಅದನ್ನು ಸ್ಥಾಪಿಸಿದರು. ಗದಗು, ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿಗಳನ್ನು ಪೋಣಿಸಿದ್ದು ಅದರ ಹಳಿಗಳೇ. ೧೮೮೯ರಲ್ಲಿ ಮೈಸೂರಿನ ಹಳಿ ಹರಿಹರವನ್ನು ಮುಟ್ಟಿ ಆ ಕಡೆಯ ಹಳಿಗಳೊಡನೆ ಕೂಡಿಕೊಂಡಿತು. ಹಳೆಯ ಮೈಸೂರಿನವನು ಧಾರವಾಡಕ್ಕೆ ಹೋಗಿ 'ಇದೂ ಕನ್ನಡವೇ' ಎಂದು ಆಶ್ಚರ್ಯಪಡುವ ಅನುಕೂಲ ಹೀಗೆ ಒದಗಿತು. ಕನ್ನಡನಾಡಿನ ಏಕೀಕರಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಭೆಗಳನ್ನೂ ಪರಿಷತ್ತುಗಳನ್ನೂ ಹೇಳುತ್ತಾರೆ. ರಾಗಿಯ ಮೂಟೆಗಾಗಿ ಹಾಕಿದ ಹಳಿಗಳನ್ನು ಹೇಳುವುದಿಲ್ಲ.

ರೈಲು ಬರವನ್ನು ನೀಗಿತೆ ಎಂಬುದರಲ್ಲಿ ವಾದವಿದೆ. ಧಾನ್ಯವನ್ನು ತರುವ ರೈಲು ಧಾನ್ಯವನ್ನು ಒಯ್ಯಲೂ ಬಲ್ಲುದು. ೧೮೭೭ರಲ್ಲಿ ದೇಶದೊಳಗೆ ಹಸಿವಿದ್ದಾಗಲೂ ಹಡಗುಗಳಲ್ಲಿ ಗೋಧಿ ಹೊರಕ್ಕೆ ಹೋಗುತ್ತಲೇ ಇತ್ತು. ಸರ್ ಆರ್ಥರ್ ಕಾಟನ್ನರಂಥವರು ರೈಲಿಗಿಂತ ನೀರಿನ ಕಾಲುವೆಗಳೇ ಮೇಲೆಂದು ಕಂಠಶೋಷಣೆ ಮಾಡಿದರು. ಬರ್ಜೆಸ್ ಮತ್ತು ಡೊನಾಲ್ಡ್‌ಸನ್ ಎಂಬ ಅರ್ಥಶಾಸ್ತ್ರಜ್ಞರು ೨೦೧೦ರಲ್ಲಿ ಜಿಲ್ಲೆ ಜಿಲ್ಲೆಗಳ ಲೆಕ್ಕ ತೆಗೆದು, ರೈಲು ಬಂದ ಮೇಲೆ ಮಳೆ ತಪ್ಪಿದರೂ ಕ್ಷಾಮದ ತೀವ್ರತೆ ಬಹುವಾಗಿ ತಗ್ಗಿತೆಂದು ತೋರಿಸಿದ್ದಾರೆ. ನನ್ನ ಮಟ್ಟಿಗೆ ಕಾಟನ್ನರ ಮಾತೂ ಸುಳ್ಳಲ್ಲ, ಈ ಲೆಕ್ಕವೂ ಸುಳ್ಳಲ್ಲ. ಮೈಸೂರು ಎರಡನ್ನೂ ಮಾಡಿತು. ಹಿರಿಯೂರಿನ ಬಳಿ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯನ್ನು ನೋಡಿದವರಿಗೆ, ಅಂಥ ಒಣಭೂಮಿಯಲ್ಲಿ ಅಷ್ಟು ದೊಡ್ಡ ಸಮುದ್ರವನ್ನು ಕಟ್ಟಿದವರ ಮನಸ್ಸಿನಲ್ಲಿ ಯಾವ ಭಯವಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಕಲ್ಲುಮಣ್ಣುಗಳಿಗಿಂತ ಹೆಚ್ಚು ಕಾಲ ಬಾಳಿದ್ದು ಕಾಗದ. ಎಲಿಯಟ್ಟರು ಮೈಸೂರಿನ ಕ್ಷಾಮದ ಚರಿತ್ರೆಯನ್ನು ರಿಪೋರ್ಟಾಗಿ ಬರೆದು ೧೮೭೮ರಲ್ಲಿ ಒಪ್ಪಿಸಿದರು. ಅದೇ ವರ್ಷ ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯಲ್ಲಿ ಕ್ಷಾಮದ ಕಮಿಷನ್ನು ನಿಯಮಿತವಾಗಿ, ಎಲಿಯಟ್ಟರೇ ಅದರ ಕಾರ್ಯದರ್ಶಿಗಳಾದರು. ಮೈಸೂರಿನಲ್ಲಿ ಕಲಿತ ಕಹಿಪಾಠ ಹೀಗೆ ಭಾರತಕ್ಕೆಲ್ಲ ಪಾಠವಾಯಿತು. ಕಮಿಷನ್ನು ೧೮೮೦ರಲ್ಲಿ ವರದಿಯನ್ನೊಪ್ಪಿಸಿತು. ಅದರಿಂದ 'ಫ್ಯಾಮಿನ್ ಕೋಡು', ಎಂದರೆ ಕ್ಷಾಮಸಂಹಿತೆ, ಹುಟ್ಟಿತು. ಮುಂದಿನ ಕೆಲವು ವರ್ಷಗಳಲ್ಲಿ ಪ್ರಾಂತಪ್ರಾಂತಗಳಿಗೂ ತಮ್ಮ ತಮ್ಮ ಸಂಹಿತೆಗಳಾದವು.

ಈ ಪುಸ್ತಕವನ್ನು ಓದುವುದು ಸೊಗಸಾದ ಕೆಲಸವಲ್ಲ. ಅಮಲ್ದಾರರ ಭಾಷೆಯಲ್ಲಿ ಕಾವ್ಯವಿರುವುದಿಲ್ಲ. ಆದರೂ ಅದರಲ್ಲಿ ಒಂದು ವಿವೇಕವಿದೆ. ಹಸಿವು ಬಂದು ಬಾಗಿಲು ತಟ್ಟುವವರೆಗೆ ಕಾಯಬೇಡ ಎಂದು ಅದು ಅಧಿಕಾರಿಗೆ ಹೇಳುತ್ತದೆ. ಧಾನ್ಯದ ಧಾರಣೆ ಏರಿತೆ? ಜನರು ಗುಂಪುಗುಂಪಾಗಿ ಅಲೆಯತೊಡಗಿದರೆ? ಸಣ್ಣ ಕಳ್ಳತನಗಳು ಹೆಚ್ಚಿದವೆ? ಇವೇ ಲಕ್ಷಣಗಳು. ಲಕ್ಷಣ ಕಂಡ ಕೂಡಲೆ ಒಂದು ಪರೀಕ್ಷೆಯ ಕಾಮಗಾರಿಯನ್ನು ತೆರೆ. ಜೀವ ಹಿಡಿಯುವಷ್ಟೇ ಕೂಲಿಗೂ ಜನ ಬಂದು ನೆರೆದರೆ ಕ್ಷಾಮ ನಿಜ. ಆಗ ಮೊದಲೇ ಯೋಚಿಸಿಟ್ಟ ದೊಡ್ಡ ಕೆಲಸಗಳನ್ನು ಪ್ರಾರಂಭಿಸು. ದುಡಿಯಲಾರದವರ ಪಟ್ಟಿಯನ್ನು ಪಟೇಲ ಶಾನುಭೋಗರಿಂದ ಮಾಡಿಸಿ ಅವರ ಮನೆಯ ಬಾಗಿಲಿಗೇ ಸಹಾಯ ಮುಟ್ಟಿಸು. ಕಂದಾಯದ ವಸೂಲಿಯನ್ನು ತಡೆ. ಬಿತ್ತನೆಯ ಬೀಜಕ್ಕೂ ಎತ್ತಿಗೂ ತಕಾವಿ ಸಾಲ ಕೊಡು. ಈ ವಿವೇಕದ ಪಕ್ಕದಲ್ಲೇ ಟೆಂಪಲ್ಲರ ನೆರಳೂ ಇದೆ. ಕೂಲಿ ಜೀವನಕ್ಕೆ ಬೇಕಾದ್ದಕ್ಕಿಂತ ಮಿಗಬಾರದು. ನಿಜವಾದ ಕಷ್ಟವಿಲ್ಲದವನು ಬರದಂತೆ ಕೆಲಸವನ್ನೇ ಒರೆಗಲ್ಲಾಗಿ ಮಾಡಬೇಕು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಕೂಡದು. ಕಮಿಷನ್ನಿನ ಇಬ್ಬರು ಸದಸ್ಯರು, ಕೇರ್ಡ್ ಮತ್ತು ಸಲ್ಲಿವನ್ ಎಂಬವರು, ಈ ಕೊನೆಯ ಮಾತನ್ನು ಒಪ್ಪದೆ, ಸರ್ಕಾರವು ಧಾನ್ಯದ ಕಣಜಗಳನ್ನಿಟ್ಟುಕೊಳ್ಳಬೇಕೆಂದು ಭಿನ್ನಾಭಿಪ್ರಾಯವನ್ನು ಬರೆದರು. ಆಗ ಅದನ್ನು ಯಾರೂ ಲಕ್ಷಿಸಲಿಲ್ಲ. ೧೯೬೫ರಲ್ಲಿ ಸ್ವತಂತ್ರ ಭಾರತವು ಆಹಾರನಿಗಮವನ್ನು ಸ್ಥಾಪಿಸಿ ಉಗ್ರಾಣಗಳನ್ನು ತುಂಬತೊಡಗಿದಾಗ ಈ ಇಬ್ಬರ ಹೆಸರನ್ನು ಯಾರಾದರೂ ನೆನೆದರೋ ಇಲ್ಲವೋ.

ಸಂಹಿತೆ ಇದ್ದರೂ ೧೮೯೬–೯೭ರಲ್ಲಿ, ಮತ್ತೆ ೧೮೯೯–೧೯೦೦ರಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಪ್ರತಿಯೊಂದು ಸಲವೂ ಒಂದು ಕಮಿಷನ್ನು ಕೂತು ನಿಯಮಗಳನ್ನು ಸ್ವಲ್ಪ ಸಡಿಲಿಸಿತು. ೧೯೦೧ರ ಕಮಿಷನ್ನು ರೈತನ ಸಾಲದ ಕಡೆಗೆ ಕಣ್ಣು ತಿರುಗಿಸಿ ಸಹಕಾರ ಸಂಘಗಳನ್ನು ಸಲಹೆಮಾಡಿತು, ೧೯೦೪ರಲ್ಲಿ ಶಾಸನವಾಯಿತು, ೧೯೦೫ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಮೊದಲ ಸಂಘವೂ ಎದ್ದಿತು. ಆ ಬಳಿಕ ನಾಲ್ಕು ದಶಕಗಳ ಕಾಲ ಬರಗಳು ಬಂದರೂ ದೊಡ್ಡ ಸಾವುಗಳು ಬರಲಿಲ್ಲ. ೧೯೪೨–೪೩ರಲ್ಲಿ ಬಿಜಾಪುರದ ಸೀಮೆಯಲ್ಲಿ ಘೋರವಾದ ಬರ ಬಿದ್ದಾಗ ಅಲ್ಲಿ ಪರಿಹಾರದ ಕಾಮಗಾರಿಗಳನ್ನು ತೆರೆದರು. ಅದೇ ಹೊತ್ತಿನಲ್ಲಿ ಬಂಗಾಳದಲ್ಲಿ ಕ್ಷಾಮವೆಂಬ ಶಬ್ದವನ್ನು ಉಚ್ಚರಿಸಲು ಸರ್ಕಾರ ಒಪ್ಪಲಿಲ್ಲ. ಸಾರಿದರೆ ಸಂಹಿತೆಯ ಪ್ರಕಾರ ಧಾನ್ಯ ಕೊಡಬೇಕಾಗುತ್ತಿತ್ತು, ಕೊಡುವಷ್ಟು ಧಾನ್ಯ ತನ್ನಲ್ಲಿಲ್ಲವೆಂದಿತು. ಸಂಹಿತೆ ಕಪಾಟಿನಲ್ಲಿಯೇ ಉಳಿಯಿತು. ಸತ್ತವರು ೧೫ ಲಕ್ಷವೆಂದು ವಿಚಾರಣೆಯ ಕಮಿಷನ್ನೇ ಅಂದಾಜುಮಾಡಿತು. ಅದಕ್ಕೆ ಬಹಳ ಮೀರಿತ್ತೆಂದು ಅನಂತರದ ವಿದ್ವಾಂಸರು ಹೇಳುತ್ತಾರೆ. ಒಂದು ಪುಸ್ತಕದ ಬೆಲೆಯನ್ನು ತಿಳಿಯಬೇಕಾದರೆ, ಅದನ್ನು ತೆರೆಯದಿದ್ದಾಗ ಏನಾಯಿತೆಂಬುದನ್ನು ನೋಡುವುದು ಒಂದು ಕ್ರಮ.

ಸ್ವಾತಂತ್ರ್ಯ ಬಂದ ಮೇಲೂ ಈ ಸಂಹಿತೆಯ ಮೂಲಕಲ್ಪನೆ ಹೋಗಲಿಲ್ಲ. ೧೯೭೨–೭೩ರಲ್ಲಿ ಮಹಾರಾಷ್ಟ್ರದಲ್ಲಿ ಮೂರು ವರ್ಷಗಳ ಅನಾವೃಷ್ಟಿ ಮುಗಿಲು ಮುಟ್ಟಿದಾಗ, ೧೯೭೩ರ ಬೇಸಿಗೆಯಲ್ಲಿ ಸುಮಾರು ಐವತ್ತು ಲಕ್ಷ ಜನ ಸರ್ಕಾರದ ಕಾಮಗಾರಿಗಳಲ್ಲಿ ಮಣ್ಣು ಹೊರುತ್ತಿದ್ದರು. ಅದೇ ಗುದ್ದಲಿ, ಅದೇ ಬುಟ್ಟಿ, ಅದೇ ಜಲ್ಲಿ. ಆದರೆ ಸಾವು ೧೮೭೭ರಂತೆ ಬರಲಿಲ್ಲ. ಕೆಲಸ ಕೇಳಿ ಮೆರವಣಿಗೆ ಹೋಗಬಹುದಾದ, ಮುಂದಿನ ಚುನಾವಣೆಯಲ್ಲಿ ಮಂತ್ರಿಯನ್ನು ಇಳಿಸಬಹುದಾದ ಜನ ಅವರು. ೧೮೭೭ರ ಕೂಲಿಯವನಿಗೆ ಕೆಲಸವೆಂಬುದು ತಾನು ನಿಜವಾಗಿ ಹಸಿದಿದ್ದೇನೆಂದು ಸಾಹೇಬರಿಗೆ ತೋರಿಸುವ ಪರೀಕ್ಷೆ. ಆ ಪರೀಕ್ಷೆಯನ್ನೇ ಮಹಾರಾಷ್ಟ್ರವು ೧೯೭೭ರ ಶಾಸನದಿಂದ ತಲೆಕೆಳಗುಮಾಡಿ, ಕೆಲಸ ಕೇಳುವುದು ಪ್ರಜೆಯ ಹಕ್ಕು, ಕೊಡದಿದ್ದರೆ ಸರ್ಕಾರವೇ ಪರೀಕ್ಷೆಯಲ್ಲಿ ತಪ್ಪಿದಂತೆ ಎಂದಿತು. ಟೆಂಪಲ್ ಸಾಹೇಬರು ಬಂದು ಸರಿಯಾಗಿ ನೂರು ವರ್ಷಕ್ಕೆ ಆದ ಮಾತಿದು. ಈಗ ಆ ವಿದ್ಯಾರ್ಥಿ ಮತ್ತೆ ಎದ್ದು ಕೇಳಿದರೆ ನಾನು ಈ ನೂರು ವರ್ಷಗಳ ಕಥೆಯನ್ನು ಹೇಳಿಯೇನು. ಅವನಿಗೆ ತೃಪ್ತಿಯಾಗುವುದೋ ಇಲ್ಲವೋ ಅರಿಯೆ. ನೂರು ವರ್ಷ ತಡವಾಗಿ ಬಂದ ಪರಿಹಾರದಿಂದ ಕೋಲಾರದವರಿಗೇನಾಯಿತು ಎಂದು ಅವನು ಮತ್ತೆ ಕೇಳಬಹುದು.

೨೦೦೫ರಲ್ಲಿ ಭಾರತದ ಪಾರ್ಲಿಮೆಂಟು ಗ್ರಾಮಾಂತರದ ಜನರಿಗೆ ವರ್ಷಕ್ಕೆ ನೂರು ದಿನಗಳ ಉದ್ಯೋಗದ ಖಾತರಿಯನ್ನು ಶಾಸನವಾಗಿ ಮಾಡಿತು. ಅದು ಮೊದಲು ಕಾರ್ಯರೂಪಕ್ಕೆ ಬಂದದ್ದು ಇನ್ನೂರು ಜಿಲ್ಲೆಗಳಲ್ಲಿ. ೨೦೦೬ರ ಫೆಬ್ರವರಿ ೨ರಂದು ಪ್ರಾರಂಭದ ಸಮಾರಂಭ ನಡೆದದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿ ಎಂಬ ಗ್ರಾಮದಲ್ಲಿ. ಅನಂತಪುರವು ಪ್ರತ್ಯೇಕ ಜಿಲ್ಲೆಯಾದದ್ದು ೧೮೮೨ರಲ್ಲಿ. ಧಾತು ಈಶ್ವರದ ಬರ ಬಂದಾಗ ಆ ಸೀಮೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು.